ಚಾಕುವಿನ ಹಿಡಿ ಜಿ-10 ಎಂದು ಪ್ಲಾಸ್ಟಿಕ್ ಕಳಿಸಿದ್ದೀರಿ: ಇದು ನನ್ನ ಕೊನೆಯ ದೂರು

ಗೆ,
ಗ್ರಾಹಕರ ದೂರು ಅಧಿಕಾರಿಯವರಿಗೆ

ವಿಷಯ: ಜುಲೈ 2ರಂದು ನನಗೆ ಬಂದ ಮಡಚುವ ಚಾಕು, ಅದರ ಅಲಗು ಮತ್ತು ಹಿಡಿಯ ಬಗ್ಗೆ

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದ್ದೇನೆ. ಎರಡು ಮೇಲ್ ಕಳಿಸಿದ್ದೇನೆ, ಫೋಟೋ ಸಮೇತ. ಇನ್ನು ಫೋನ್ ಮಾಡುವುದಿಲ್ಲ. ಯಾಕೆ ಅಂತ ಕೆಳಗೆ ಬರೆದಿದ್ದೇನೆ, ಪೂರ್ತಿ ಓದಿ.

ನಾನು ಬೀದರ್‌ನ ಚೌಬಾರದ ಹತ್ತಿರ ಬಿದರಿ ಕೆಲಸ ಮಾಡುವವನು. ಅಪ್ಪನ ಕಿಸೆಯಲ್ಲಿ ಯಾವಾಗಲೂ ಒಂದು ಮಡಚುವ ಚಾಕು ಇರುತ್ತಿತ್ತು. ಎಮ್ಮೆ ಕೊಂಬಿನ ಹಿಡಿ, ಬೆನ್ನಿನಲ್ಲಿ ಸ್ಪ್ರಿಂಗು, ಕಪ್ಪಾದ ಅಲಗು. ಪಾರ್ಸಲ್ ಸುತಲಿ ಕತ್ತರಿಸಲು, ಪೇರಲ ಹೆಚ್ಚಲು, ಎಲ್ಲಕ್ಕೂ ಅದೇ. ನಮ್ಮ ಕಡೆಯ ಬೇಸಿಗೆಗೆ ಕೊಂಬು ಸೀಳಿದೆ. ಮಳೆಗಾಲದಲ್ಲಿ ಅಲಗಿಗೆ ಎಣ್ಣೆ ಹಚ್ಚದಿದ್ದರೆ ತುಕ್ಕು. ಹಾಗಾಗಿ ನಿಮ್ಮ ಜಾಹೀರಾತು ನೋಡಿ ತುಂಬಾ ಖುಷಿಯಾಗಿತ್ತು. ಅದೇ ಹಳೇ ಆಕಾರ, ಅದೇ ಬೆನ್ನಿನ ಸ್ಪ್ರಿಂಗು, ಉಗುರು ಸಿಕ್ಕಿಸಿ ತೆಗೆಯುವ ಗೀರು. ಆದರೆ ಅಲಗು ಸ್ವೀಡನ್ನಿನ 14ಸಿ28ಎನ್ ಎಂಬ ಸ್ಟೇನ್‌ಲೆಸ್ ಸ್ಟೀಲು, ಹಿಡಿ ಜಿ-10 ಎಂಬ ಗಾಜಿನ ನಾರಿನ ಹಲಗೆ. ಈ ಎರಡು ಹೆಸರಿಗಾಗಿಯೇ ನಾನು 3,450 ರೂಪಾಯಿ ಕೊಟ್ಟಿದ್ದು. ಬರೀ ಆಕಾರ ಸಾಕು ಅಂದಿದ್ದರೆ ಸಂತೆಯಲ್ಲೇ ಒಂದು ಚಾಕು ಸಿಗುತ್ತಿತ್ತು, ಅಲ್ವಾ?

14ಸಿ28ಎನ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಶೇ 14ರಷ್ಟು ಇರುತ್ತದೆ. ಹಣ್ಣು ಹೆಚ್ಚಿ ಒರೆಸಿಟ್ಟರೆ ಅದಕ್ಕೆ ಏನೂ ಆಗಬಾರದು. ಮೊದಲ ವಾರವೇ ನಿಂಬೆಹಣ್ಣು ಹೆಚ್ಚಿದೆ, ಬಟ್ಟೆಯಿಂದ ಒರೆಸಿದೆ. ಸಂಜೆ ನೋಡಿದರೆ ಅಲಗಿನ ಮೇಲೆ ಕಂದು ಚುಕ್ಕೆಗಳು. ನಂಬಿಕೆ ಬರಲಿಲ್ಲ. ಮರುದಿನ ಒಂದೇ ನಿಂಬೆಹಣ್ಣಿನ ಒಂದು ಹೋಳನ್ನು ನಿಮ್ಮ ಅಲಗಿಗೆ ಉಜ್ಜಿದೆ, ಇನ್ನೊಂದನ್ನು ಅಪ್ಪನ ಚಾಕುವಿಗೆ. ಅಪ್ಪನದರ ಒಂದು ಕಡೆ ಮೊದಲೇ ತಿಕ್ಕಿ ಬೆಳ್ಳಗೆ ಮಾಡಿಕೊಂಡಿದ್ದೆ. ಹತ್ತು ನಿಮಿಷ ಬಿಟ್ಟು ನೋಡಿದೆ. ಎರಡಕ್ಕೂ ಒಂದೇ ಬಣ್ಣ, ಬೂದಿ ಬಣ್ಣಕ್ಕೆ ಸ್ವಲ್ಪ ನೀಲಿ ಬೆರೆತ ಹಾಗೆ. ಸಾದಾ ಕಾರ್ಬನ್ ಸ್ಟೀಲು ಹೀಗೆ ಆಗುತ್ತದೆ. ಫೋಟೋ ನಿಮ್ಮ ಹತ್ತಿರ ಇದೆ.

ಕಾರ್ಬನ್ ಸ್ಟೀಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಚೆನ್ನಾಗಿ ಸಾಣೆ ಹಿಡಿಯುತ್ತದೆ, ಅಪ್ಪ ಜೀವನಪೂರ್ತಿ ಅದನ್ನೇ ಬಳಸಿದರು. ಅದು ಕಾರ್ಬನ್ ಸ್ಟೀಲು ಅಂತಲೇ ಹೇಳಿ ಮಾರಿ.

ಇನ್ನು ಹಿಡಿ. ಜಿ-10 ಅಂದರೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ, ಪದರದ ಮೇಲೆ ಪದರ ಇಟ್ಟು, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ನಾನು ಸೂಜಿ ಕಾಯಿಸಿ ಹಿಡಿಯ ಒಳಬದಿಗೆ, ಯಾರಿಗೂ ಕಾಣದ ಜಾಗದಲ್ಲಿ ಇಟ್ಟೆ. ಒತ್ತಲೂ ಇಲ್ಲ, ಮೇಣದೊಳಗೆ ಇಳಿದಂತೆ ಸೂಜಿ ಇಳಿಯಿತು. ತೆಗೆದಾಗ ಎಳೆ ಎಳೆಯಾಗಿ ಬಂತು. ಮೇಲೆ ಕಾಣುವ ಬಟ್ಟೆಯ ನೇಯ್ಗೆ ಬರೀ ಅಚ್ಚು. ಅಂಚನ್ನು ಅರದಿಂದ ಸ್ವಲ್ಪ ಉಜ್ಜಿದೆ, ಒಂದೂ ಪದರ ಇಲ್ಲ. ಪ್ಲಾಸ್ಟಿಕ್.

ಈಗ ಜುಲೈ 19ರ ಫೋನಿನ ಮಾತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಕೆಲಸ ಕಲಿಯುವ ಹುಡುಗ ಪಕ್ಕದಲ್ಲಿದ್ದ. ನನ್ನ ಕೈಯಲ್ಲಿ ಅರ್ಧ ಮುಗಿದ ಹೂಜಿ ಇತ್ತು, ಹಾಗಾಗಿ ಫೋನ್ ಸ್ಪೀಕರಿಗೆ ಹಾಕಿದ್ದೆ. ಹನ್ನೊಂದು ನಿಮಿಷ ಹಾಡು ಕೇಳಿಸಿದಿರಿ. ಆಮೇಲೆ ನಿಮ್ಮ ಹುಡುಗ ಲೈನಿಗೆ ಬಂದ. ಆರ್ಡರ್ ನಂಬರ್ ಮೂರು ಸಲ ಹೇಳಿಸಿದ. ಆಮೇಲೆ ಕೇಳಿದ: "ನಿಮಗೆ ಚಾಕು ಯಾಕೆ ಬೇಕಿತ್ತು ಸರ್?"

ಗಿರಾಕಿಗಳಿಬ್ಬರೂ ತಿರುಗಿ ನನ್ನನ್ನು ನೋಡಿದರು.

"ನಿಂಬೆಹಣ್ಣು ಹೆಚ್ಚೋಕೆ, ತಮ್ಮಾ" ಅಂದೆ.

"ನಿಂಬೆಹಣ್ಣು ಹೆಚ್ಚಬಾರದು ಸರ್, ಅದರಲ್ಲಿ ಆಸಿಡ್ ಇರುತ್ತೆ. ಒಂದು ಆಯಸ್ಕಾಂತ ತನ್ನಿ."

ಕೆಲಸ ಕಲಿಯುವ ಹುಡುಗನ ಕೈಯಲ್ಲೇ ತರಿಸಿದೆ. ಆಯಸ್ಕಾಂತ ಅಲಗಿಗೆ ಹಿಡಿಯಿತು.

"ಹಿಡೀತಲ್ಲಾ ಸರ್? ಹಾಗಾದರೆ ನಮ್ಮ ಸ್ಟೀಲು ಒರಿಜಿನಲ್."

ಚಾಕುವಿಗೆ ಬಳಸುವ ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿಗೂ ಆಯಸ್ಕಾಂತ ಹಿಡಿಯುತ್ತದೆ, ಸಾದಾ ಸ್ಟೀಲಿಗೂ ಹಿಡಿಯುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ ಅಂತ ಸಮಾಧಾನದಿಂದಲೇ ಹೇಳಿದೆ. ಆಗ ಆತ ನಕ್ಕ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. "ಲೋಹದ ಬಗ್ಗೆ ನಿಮಗೆ ಏನು ಗೊತ್ತು ಅಂಕಲ್?" ಅಂದ. ಫೋನ್ ಇಟ್ಟ.

16 ಪಾಲು ಸತುವಿಗೆ 1 ಪಾಲು ತಾಮ್ರ ಹಾಕಿ ಎರಕ ಹೊಯ್ಯುವುದನ್ನು ನಾನು ಹನ್ನೆರಡನೇ ವಯಸ್ಸಿನಲ್ಲಿ ಕಲಿತೆ. ಆ ಲೋಹಕ್ಕೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಲ್ಲಿ ನವಸಾಗರ ಎಂಬ ಉಪ್ಪು ಬೆರೆಸಿ ಹಚ್ಚಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಲೋಹ ಎಂಬುದರ ಮೇಲೇ ನಮ್ಮ ಹೊಟ್ಟೆ ನಡೆಯುತ್ತದೆ. ನಾಳೆ ನಾನು ಬೆಳ್ಳಿ ಎಂದು ಹೇಳಿ ಅಲ್ಯೂಮಿನಿಯಂ ತಂತಿ ಕೂರಿಸಿ ಮಾರುತ್ತೇನೆ ಅಂತ ಇಟ್ಟುಕೊಳ್ಳಿ. ಗಿರಾಕಿ ವಾಪಸ್ ಬಂದು ಕೇಳಿದರೆ, ಬೆಳ್ಳಿ ಬಗ್ಗೆ ನಿಮಗೇನು ಗೊತ್ತು ಅಂತ ನಗಲಾ? ಅವತ್ತು ಸಂಜೆ ಕೆಲಸ ಕಲಿಯುವ ಹುಡುಗ ಕೇಳಿದ, "ಕಾಕಾ, ಅವರು ನಿಮಗೆ ಹಾಗ್ಯಾಕೆ ಅಂದರು?" ಏನಂತ ಹೇಳಲಿ ಅವನಿಗೆ?

ಏಳು ದಿನದ ವಾಪಸಾತಿ ಗಡುವು ಮುಗಿದಿದೆ ಅಂತ ಆಮೇಲೆ ಮೆಸೇಜ್ ಕಳಿಸಿದ್ದೀರಿ. ನನ್ನ ಮೊದಲ ಫೋನ್ ಐದನೇ ದಿನ. ಅದು ನಿಮ್ಮಲ್ಲೇ ದಾಖಲಾಗಿದೆ. ಹೇಳಿದ ವಸ್ತು ಒಂದು, ಬಂದದ್ದು ಇನ್ನೊಂದಾದರೆ ಏನು ಮಾಡಬೇಕು ಅಂತ ನಿಮ್ಮ ವಾರಂಟಿ ಕಾರ್ಡಿನಲ್ಲೇ ಇದೆ, ತೆಗೆದು ಓದಿ. 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಅಂತಿದೆ. ನನ್ನ ಎರಡು ಮೇಲ್‌ಗಳಿಗೂ ಇವತ್ತಿನವರೆಗೆ ಒಂದು ಸಾಲಿನ ಉತ್ತರ ಇಲ್ಲ.

ಬದಲಿ ಚಾಕು ನನಗೆ ಬೇಡ. ಅದರ ಹಿಡಿಗೂ ಸೂಜಿ ಕಾಯಿಸಿ ಕೂರುವ ತಾಳ್ಮೆ ನನಗಿಲ್ಲ. ಪೂರ್ತಿ ಹಣ ಹದಿನೈದು ದಿನದೊಳಗೆ ವಾಪಸ್ ಬರಬೇಕು. ಆ ಫೋನ್ ಮಾತಿಗೆ ಕಾಗದದ ಮೇಲೆ ಕ್ಷಮೆ ಕೇಳಬೇಕು. ಅದನ್ನು ಕೆಲಸ ಕಲಿಯುವ ಹುಡುಗನಿಗೆ ಓದಿ ಹೇಳುತ್ತೇನೆ.

ಇಲ್ಲದಿದ್ದರೆ ಬೀದರ್‌ನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ಕೇಸು ಹಾಕಬಹುದು, ಈ ಮೊತ್ತಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಅಲಗನ್ನು ಪ್ರಯೋಗಾಲಯಕ್ಕೆ ಕಳಿಸಿ ಅಂತ ಆಯೋಗವನ್ನೇ ಕೇಳುತ್ತೇನೆ. ಕ್ರೋಮಿಯಂ ಎಷ್ಟಿದೆ ಅಂತ ವರದಿ ಬರಲಿ. ಸುಳ್ಳು ಜಾಹೀರಾತಿನ ದೂರು ಬೇರೆಯಾಗಿ ದೆಹಲಿಯ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಹೋಗುತ್ತದೆ, ಸ್ಕ್ರೀನ್‌ಶಾಟ್ ಎಲ್ಲಾ ತೆಗೆದಿಟ್ಟಿದ್ದೇನೆ. ವಿಚಾರಣೆ ದಿನ ಅಪ್ಪನ ಚಾಕು, ನಿಮ್ಮ ಚಾಕು, ಒಂದು ನಿಂಬೆಹಣ್ಣು, ಒಂದು ಸೂಜಿ ತರುತ್ತೇನೆ. ಫೋನಿನಲ್ಲಿ ನಕ್ಕ ನಿಮ್ಮ ಹುಡುಗನನ್ನೂ ಕಳಿಸಿ, ಲೋಹದ ಬಗ್ಗೆ ಅಲ್ಲೇ ಮಾತಾಡೋಣ.

ಇಂತಿ,
ಬೀದರ್‌ನ ನಿಮ್ಮ ಗ್ರಾಹಕ