ಸ್ವಾಮಿಯವರ ಬಗ್ಗೆ ಮಾತಾಡುವ ಮುಂಚೆ

ಮಗಾ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಎರಡು ಪುಟ ಓದಿದೆ. ನಮ್ಮ ಪಾದ್ರಿ ಸ್ವಾಮಿಯವರು ತೀರಿಕೊಂಡು ತಿಂಗಳಾದದ್ದಕ್ಕೆ ಚರ್ಚಿನಲ್ಲಿ ನಡೆಯುವ ಪೂಜೆಯಲ್ಲಿ ಅವರ ಬಗ್ಗೆ ಮಾತಾಡಲು ನಿನ್ನನ್ನೇ ಕೇಳಿದ್ದಾರೆ ಅಂತ ನಿಮ್ಮಮ್ಮ ಮೂರು ಸಲ ಫೋನ್ ಮಾಡಿ ಹೇಳಿದಳು. ಖುಷಿಯಾಯಿತು. ಆದರೆ ನೀನು ಬರೆದಿರುವುದು ಬಯೋಡಾಟಾ ಕಣೋ. ಪದವಿಗಳು, ಹುದ್ದೆಗಳು, ಆಮೇಲೆ ‘ಜ್ಞಾನದ ಮೇರು ಪರ್ವತ’! ಅವರಿದ್ದಿದ್ದರೆ ಆ ಪದಕ್ಕೆ ಕೆಂಪು ಇಂಕಿನಲ್ಲಿ ಗುಂಡಗೆ ಸುತ್ತಿ, ಪಕ್ಕದಲ್ಲಿ ‘ಎಷ್ಟು ಅಡಿ?’ ಅಂತ ಬರೆಯುತ್ತಿದ್ದರು. ಸುಮ್ನೆ ಹೇಳುತ್ತಿಲ್ಲ, ನನ್ನ ಪೇಪರಿನ ಮೇಲೇ ಬರೆದಿದ್ದರು.

ನೀವು ಕಂಡದ್ದು ಕೋಲು ಹಿಡಿದು ತೋಟದಲ್ಲಿ ಓಡಾಡುತ್ತಿದ್ದ ಮುದುಕರನ್ನು. ನಾವು ಗುರುಮಠದಲ್ಲಿ, ಅಂದರೆ ಪಾದ್ರಿಯಾಗಲು ಓದುವ ಶಾಲೆಯಲ್ಲಿ, ಅವರಿಂದ ಪಾಠ ಹೇಳಿಸಿಕೊಂಡವರು. ಅವರು ಗುರುಮಠ ಸೇರಿದಾಗ ಪೂಜೆ ಲ್ಯಾಟಿನ್‌ನಲ್ಲಿತ್ತು. 1962ರಿಂದ 1965ರವರೆಗೆ ರೋಮಿನಲ್ಲಿ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ನಡೆದ ಮೇಲೆ ತಾನೇ ಅದು ಕನ್ನಡಕ್ಕೆ ಬಂದದ್ದು? ನೀನು ಇದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀಯ. ಅವರಜ್ಜಿ ಜೀವನವಿಡೀ ಪೂಜೆಯಲ್ಲಿ ಜಪಸರ ಎಣಿಸುತ್ತಾ ಕೂತಿದ್ದರಂತೆ, ಪೀಠದಲ್ಲಿ ಸ್ವಾಮಿಗಳು ಏನು ಪ್ರಾರ್ಥನೆ ಹೇಳುತ್ತಿದ್ದಾರೆ ಅಂತ ಒಂದಕ್ಷರವೂ ತಿಳಿಯದೆ. ಅದಕ್ಕೇ ನಮಗೊಂದು ಕಟ್ಟಳೆ ಹಾಕಿದ್ದರು. ಬರೆದ ಪ್ರಬೋಧನೆಯನ್ನು, ಅಂದರೆ ಪೂಜೆಯಲ್ಲಿ ಜನರಿಗೆ ಹೇಳುವ ಉಪದೇಶವನ್ನು, ಮೊದಲು ಅಡುಗೆಯವರಿಗೆ ಓದಿ ಹೇಳಬೇಕು. ಮದ್ದೂರು ಕಡೆಯವರು, ಮುದ್ದೆ ತೊಳಸುತ್ತಾ ಕೇಳುತ್ತಿದ್ದರು. ನಾನು ‘ದೈವಕೃಪೆಯ ಪರಮೋನ್ನತ ಅಭಿವ್ಯಕ್ತಿ’ ಅಂತ ಶುರು ಮಾಡಿದೆ. ಅವರು ಕೋಲು ನಿಲ್ಲಿಸಿ, ‘ಬ್ರದರ್, ಸಾರಿಗೆ ಉಪ್ಪು ಸರಿಯಾಗದಾ ನೋಡ್ತೀರಾ?’ ಅಂದರು. ಬಾಗಿಲ ಹಿಂದೆ ನಿಂತಿದ್ದ ಸ್ವಾಮಿಯವರು ನಕ್ಕಿದ್ದು ಊಟದ ಹಾಲಿನವರೆಗೂ ಕೇಳಿಸಿತ್ತು.

ಗಂಜಾಂ ಪ್ರವಾಸದ ವಿಷಯ ಹಳಬರನ್ನು ಕೇಳಿ ಸೇರಿಸು. ಶ್ರೀರಂಗಪಟ್ಟಣದಲ್ಲಿ ರೈಲು ಇಳಿಸಿ ಬಿಸಿಲಲ್ಲಿ ನಡೆಸಿಕೊಂಡೇ ಹೋಗುತ್ತಿದ್ದರು. ಅಬ್ಬೆ ದ್ಯುಬುವಾ ಅನ್ನುವ ಹಳೆಯ ಕಾಲದ ಪಾದ್ರಿಯ ಕಥೆ ಅಲ್ಲೇ ಕೂತು ಹೇಳಬೇಕು ಅಂತ ಅವರ ಹಟ. ಫ್ರಾನ್ಸಿನಿಂದ ಬಂದು, ನಮ್ಮ ಜನರ ಹಾಗೆ ಉಟ್ಟು ಉಂಡು, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿ, ಜನರ ಬಾಯಲ್ಲಿ ದೊಡ್ಡಸ್ವಾಮಿ ಆದವರು. 1823ರಲ್ಲಿ ಪ್ಯಾರಿಸ್‌ಗೆ ವಾಪಸ್ ಹೋಗಿ ಅಲ್ಲಿನ ಗುರುಮಠದಲ್ಲಿದ್ದು 1848ರಲ್ಲಿ ತೀರಿಕೊಂಡರು. ಮೂವತ್ತು ವರ್ಷ ದುಡಿದರೂ ಧರ್ಮಪ್ರಚಾರದಲ್ಲಿ ತಾನು ಸೋತೆ ಅಂತ ಅವರೇ ಬರೆದುಕೊಂಡಿದ್ದಾರೆ. ಇದನ್ನು ಹೇಳಿ ಸ್ವಾಮಿಯವರು, ‘ಸೋತರಂತೆ. ಲಸಿಕೆ ಹಾಕಿಸಿಕೊಂಡ ಮಕ್ಕಳು ಉಳಿದವಲ್ಲ, ಅದನ್ನು ಯಾವ ಲೆಕ್ಕಕ್ಕೆ ಬರೆಯೋಣ?’ ಅಂದು ಕಡ್ಲೆಕಾಯಿ ಹಂಚಿದರು.

ಅವರ ಕೋಪವನ್ನೂ ಬರೆ. ನೀನು ಬಿಟ್ಟಿದ್ದೀಯ, ಹೆದರಿಕೆ ಇರಬೇಕು. ಮೂರನೇ ವರ್ಷ ನಾನು ಗುರುಮಠ ಬಿಡುತ್ತೇನೆ ಅಂದಾಗ ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಐದಕ್ಕೆ ಬಾಗಿಲು ತಟ್ಟಿ, ನನ್ನ ತಗಡಿನ ಟ್ರಂಕಿನ ಒಂದು ಹಿಡಿ ತಾವೇ ಹಿಡಿದು ಬಸ್ ಸ್ಟಾಪಿನ ತನಕ ಬಂದರು. ಅವರು ಕುಳ್ಳು, ನಾನು ಉದ್ದ, ಟ್ರಂಕು ದಾರಿಯುದ್ದಕ್ಕೂ ಅವರ ಕಡೆಗೇ ವಾಲುತ್ತಿತ್ತು. ಬಸ್ಸು ಬಂದಾಗ ಆಶೀರ್ವಾದ ಗೀಶೀರ್ವಾದ ಏನಿಲ್ಲ. ‘ಅಮ್ಮನಿಗೆ ಇವತ್ತೇ ಹೇಳು. ಸುತ್ತಿ ಬಳಸಿ ಹೇಳಬೇಡ’ ಅಂದರು, ಅಷ್ಟೆ.

ಮಣ್ಣಿನ ದಿನ ನೀನೂ ಇದ್ದೆ, ಗಮನಿಸಿದೆಯಾ? ಚರ್ಚಿನಲ್ಲಿ ನಮ್ಮಂಥವರ ಶವದ ಪೆಟ್ಟಿಗೆ ಇಟ್ಟರೆ ಕಾಲು ಪೀಠದ ಕಡೆ. ಸ್ವಾಮಿಗಳದ್ದು ತಲೆ ಪೀಠದ ಕಡೆ, ಪೂಜೆ ಮಾಡುವಾಗಿನ ಹಾಗೇ ಮುಖ ಜನರ ಕಡೆ. ನಾನು ಮೂರನೇ ಸಾಲಲ್ಲಿದ್ದೆ. ಎದ್ದು ಕೂತು ‘ಎಷ್ಟು ಅಡಿ?’ ಅಂತ ಕೇಳಿಬಿಡುತ್ತಾರೇನೋ ಅನ್ನಿಸಿತು.

ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಹೊಸದಾಗಿ ಬರೆದ ಮೇಲೆ ಅಡುಗೆಯವರ ಹತ್ತಿರ ಹೋಗು, ಈಗಲೂ ಹಿಂದಿನ ಮನೆಯಲ್ಲೇ ಇದ್ದಾರೆ. ಕಿವಿ ಮಂದ, ಸ್ವಲ್ಪ ಜೋರಾಗಿ ಓದು. ಉಪ್ಪಿನ ಮಾತು ತೆಗೆದರೆ ಇನ್ನೊಂದು ಸಲ ಬರೆ. ನಾನು ಬೆಳಗಿನ ರೈಲಿಗೆ ಬರುತ್ತೇನೆ, ನಿಮ್ಮಮ್ಮ ಚಕ್ಕುಲಿ ಕೊಟ್ಟು ಕಳಿಸುತ್ತಾಳಂತೆ.

ನಿನ್ನ ಮಾವ
ಮೈಸೂರು