ಔಷಧಿ ಹೊಡೆಯುವ ಮುನ್ನ ಊರಿಗೆ ತಿಳಿಸಿ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ

ವಿಷಯ: ಪಾರ್ಕು, ಶಾಲೆ, ಆಸ್ಪತ್ರೆ ಆವರಣ ಹಾಗೂ ರಸ್ತೆ ಬದಿಗಳಲ್ಲಿ ಕಳೆನಾಶಕ, ಕೀಟನಾಶಕ ಸಿಂಪಡಿಸುವ ಮುನ್ನ ಸಾರ್ವಜನಿಕರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸುವ ಕುರಿತು.

ಮಾನ್ಯರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಜನ ಓಡಾಡುವ ಯಾವುದೇ ಸಾರ್ವಜನಿಕ ಜಾಗಕ್ಕೆ ಯಾರೇ ಔಷಧಿ ಹೊಡೆಯಲಿ, ಹಿಂದಿನ ದಿನವೇ ಅಲ್ಲೊಂದು ಬೋರ್ಡು ನಿಲ್ಲಬೇಕು. ಯಾವ ಔಷಧಿ, ಯಾತಕ್ಕೆ, ಎಷ್ಟು ಗಂಟೆಗೆ ಹೊಡೆಯುತ್ತಾರೆ, ಎಷ್ಟು ಹೊತ್ತು ಆ ಕಡೆ ಹೋಗಬಾರದು, ಜವಾಬ್ದಾರಿ ಯಾರದು, ಅವರ ಫೋನ್ ನಂಬರ್ ಏನು ಎಂಬುದೆಲ್ಲ ಅದರಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು. ಹಾಗೆಂದು ತಮ್ಮ ಕಚೇರಿಯಿಂದ ಒಂದು ಆದೇಶ ಹೊರಡಲಿ ಎಂದು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಈಗಿರುವುದು ಶಿವಮೊಗ್ಗ ನಗರದ ಒಂದು ಬಡಾವಣೆಯಲ್ಲಿ. ನಮ್ಮ ಕಡೆಯವರಿಗೆ ಹಸಿರು ಬರೀ ಕಣ್ಣಿಗೆ ತಂಪಾಗಿರಲಿ ಎಂದು ಬೆಳೆಸುವ ವಸ್ತುವಲ್ಲ. ಮಳೆ ಹಿಡಿಯಿತೆಂದರೆ ಚರಂಡಿ ಪಕ್ಕದ ಕೆಸುವಿನೆಲೆ ಪತ್ರೊಡೆಗೆ ಬರುತ್ತದೆ. ರಸ್ತೆ ಬದಿಯ ಚಗಟೆ ಸೊಪ್ಪು ಪಲ್ಯವಾಗುತ್ತದೆ. ತೇವ ಇರುವ ಕಡೆ ಹಬ್ಬಿದ ಒಂದೆಲಗವನ್ನು ಕಂಡ ಹೆಂಗಸರು ಒಂದು ಹಿಡಿ ಕೀಳದೆ ಮುಂದೆ ಹೋಗುವುದಿಲ್ಲ, ಮಧ್ಯಾಹ್ನ ಅದೇ ತಂಬುಳಿ. ಗಣಪತಿಗೆ ಗರಿಕೆ, ಶಿವನಿಗೆ ತುಂಬೆ ಹೂ. ಮರದಡಿ ಉದುರಿದ ನೇರಳೆ ಹಣ್ಣು ಮಕ್ಕಳ ಜೇಬಿಗೆ. ಬೀಡಾಡಿ ದನಗಳಿಗಂತೂ ಪಾರ್ಕಿನ ಬೇಲಿಯ ಸಂದೇ ಮೇವಿನ ಜಾಗ. ಇಂಥ ಊರಿನಲ್ಲಿ ಹುಲ್ಲಿಗೆ ಹೊಡೆದ ಔಷಧಿ ಹುಲ್ಲಿನಲ್ಲೇ ಉಳಿಯುತ್ತದೆ ಎಂದು ಭಾವಿಸುವುದು ಸಾಧ್ಯವಿಲ್ಲ.

ಕಳೆದ ಮಳೆಗಾಲದಲ್ಲಿ ಕಂಡದ್ದನ್ನು ಹೇಳುತ್ತೇನೆ. ಜಾಗದ ಹೆಸರು ಬೇಡ, ಯಾರನ್ನೋ ಶಿಕ್ಷಿಸಿ ಎಂದು ನಾನು ಕೇಳುತ್ತಿಲ್ಲ. ಬೆಳಗಿನ ಹೊತ್ತು, ಪಾರ್ಕಿನ ಕಾಲುದಾರಿಗೆ ಹಾಸಿದ ಇಂಟರ್‌ಲಾಕ್ ಕಲ್ಲುಗಳ ಸಂದಿಗೆ ಒಬ್ಬ ಕಾರ್ಮಿಕ ಔಷಧಿ ಹೊಡೆಯುತ್ತಿದ್ದ. ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಕಟ್ಟಿದ ಟವೆಲ್, ಕೈಗೆ ಏನೂ ಇಲ್ಲ. ಬೆನ್ನ ಮೇಲಿನ ಕ್ಯಾನಿನ ಮುಚ್ಚಳದಿಂದ ಸೋರಿ ಅಂಗಿ ಸೊಂಟದವರೆಗೂ ಒದ್ದೆಯಾಗಿ ಮೈಗೆ ಅಂಟಿತ್ತು. "ಏನಣ್ಣ ಹೊಡೀತಿರೋದು?" ಎಂದು ಕೇಳಿದೆ. "ಹುಲ್ಲು ಸಾಯೋ ಔಷಧಿ ಅಮ್ಮ. ಹೆಸರು ಗೊತ್ತಿಲ್ಲ, ಮೇಸ್ತ್ರಿ ಕಲಸಿ ಕೊಟ್ಟಿದ್ದಾರೆ" ಎಂದ. ಅವನು ಆಗಲೇ ಹೊಡೆದು ಮುಗಿಸಿದ್ದ ಬದಿಯಲ್ಲಿ ಅಜ್ಜಿಯೊಬ್ಬರು ಬಗ್ಗಿ ಸಂಕಷ್ಟಿ ಪೂಜೆಗೆ ಗರಿಕೆ ಕೀಳುತ್ತಿದ್ದರು. ಎಳೆಯ ಗರಿಕೆ, ಮೂರು ಮೂರು ಎಸಳು ನೋಡಿ ನೋಡಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ನಾನು ಹೇಳಿದ ಮೇಲೆ ಗಾಬರಿಯಿಂದ ಎಲ್ಲವನ್ನೂ ಅಲ್ಲೇ ಸುರಿದರು. "ಹಸಿರಾಗೇ ಇದೆಯಲ್ಲ ತಾಯಿ, ಗೊತ್ತಾಗೋದು ಹ್ಯಾಗೆ?" ಎಂದರು.

ಅಜ್ಜಿ ಕೇಳಿದ ಪ್ರಶ್ನೆಯಲ್ಲೇ ಎಲ್ಲ ಇದೆ. ಗ್ಲೈಫೋಸೇಟ್‌ನಂಥ ಕಳೆನಾಶಕ ಎಲೆಯ ಮೂಲಕ ಒಳಗಿಳಿದು ಬೇರಿನ ತನಕ ಹೋಗುತ್ತದೆ. ಹುಲ್ಲು ಹಳದಿಯಾಗುವುದು ಕೆಲವು ದಿನ ಕಳೆದ ಮೇಲೆ. ಅಲ್ಲಿಯವರೆಗೆ ಔಷಧಿ ಬಿದ್ದ ಗರಿಕೆಗೂ ಬೀಳದ ಗರಿಕೆಗೂ ಕಣ್ಣಿಗೆ ವ್ಯತ್ಯಾಸವೇ ಇರುವುದಿಲ್ಲ. ಹೊಡೆದವರು ಹೇಳದಿದ್ದರೆ ತಿಳಿದುಕೊಳ್ಳಲು ಜನರಿಗೆ ಬೇರೆ ದಾರಿಯೇ ಇಲ್ಲ.

ತೋಟದ ಊರುಗಳಲ್ಲಿ ಈ ತಿಳುವಳಿಕೆ ಹಿಂದಿನಿಂದಲೂ ಇದೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವುದು ನಮಗೆ ಹೊಸದಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ನಮ್ಮ ಮನೆಯಲ್ಲಿ ಔಷಧಿ ಹೊಡೆಯುವ ಹಿಂದಿನ ಸಂಜೆ ಅಪ್ಪ ಕೆಳಗಿನ ಮನೆಗೂ ಪಕ್ಕದ ಮನೆಗೂ ಹೋಗಿ ಹೇಳಿ ಬರುತ್ತಿದ್ದರು: ಬಾವಿ ಮುಚ್ಚಿಕೊಳ್ಳಿ, ಬಟ್ಟೆ ಒಳಗೆ ತೆಗೆದುಕೊಳ್ಳಿ, ದನ ಈ ಕಡೆ ಬಿಡಬೇಡಿ. ಯಾವ ಕಾನೂನೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಈಗ ಎಲೆಚುಕ್ಕೆ ರೋಗ ಬಂದು ತರಹೇವಾರಿ ಶಿಲೀಂಧ್ರನಾಶಕಗಳು ಬಂದಿವೆ, ಡ್ರೋನ್‌ಗಳೂ ತೋಟದ ಮೇಲೆ ಹಾರುತ್ತಿವೆ. ನೆರೆಮನೆಗೆ ಹೇಳುವ ಅಭ್ಯಾಸ ಹಳ್ಳಿಗಳಲ್ಲೂ ಸಡಿಲವಾಗುತ್ತಿದೆ. ನಗರದಲ್ಲಂತೂ ಗುತ್ತಿಗೆದಾರನಿಗೆ ನೆರೆಮನೆ ಎಂಬುದೇ ಇಲ್ಲ. ಅಪ್ಪ ಮಾಡುತ್ತಿದ್ದ ಆ ಕೆಲಸವನ್ನು ಇಲ್ಲಿ ಆದೇಶವೇ ಮಾಡಬೇಕು.

ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ ಎಂದು ಯಾರಾದರೂ ತಮಗೆ ಟಿಪ್ಪಣಿ ಬರೆದರೆ, ದಯವಿಟ್ಟು 1971ರ ಕೀಟನಾಶಕ ನಿಯಮಗಳ 43ನೇ ನಿಯಮವನ್ನು ತರಿಸಿ ನೋಡಿ. ವಿಮಾನದಿಂದ ಔಷಧಿ ಸಿಂಪಡಿಸುವುದಾದರೆ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಕೆಲಸಕ್ಕೆ ಸಂಬಂಧವಿಲ್ಲದ ಜನ, ಜಾನುವಾರು ನಿಗದಿತ ಅವಧಿಯವರೆಗೆ ಒಳಗೆ ಬಾರದಂತೆ ತಡೆಯಬೇಕು ಎಂದು ಅದು ಹೇಳುತ್ತದೆ. ಅಂದರೆ ಮೇಲಿನಿಂದ ಬೀಳುವ ವಿಷದ ಬಗ್ಗೆ ಮುಂಚಿತವಾಗಿ ತಿಳಿಯುವ ಹಕ್ಕು ಜನರಿಗಿದೆ ಎಂಬುದನ್ನು ಸರ್ಕಾರ ಅರ್ಧ ಶತಮಾನದ ಹಿಂದೆಯೇ ಒಪ್ಪಿದೆ. ಮಗುವಿನ ಮೊಣಕಾಲಿನ ಎತ್ತರದಲ್ಲಿ ಬೆನ್ನು ಪಂಪಿನಿಂದ ಬೀಳುವ ವಿಷಕ್ಕೂ ಅದೇ ನ್ಯಾಯ ಅನ್ವಯವಾಗಲಿ ಎನ್ನುವುದಷ್ಟೇ ನನ್ನ ಬೇಡಿಕೆ.

1968ರ ಕೀಟನಾಶಕ ಕಾಯ್ದೆಯ 38ನೇ ಕಲಂ ವಿನಾಯಿತಿ ಕೊಡುವುದು ಸ್ವಂತ ಮನೆ ಬಳಕೆಗೆ, ಕೈತೋಟಕ್ಕೆ, ತಾನು ಸಾಗುವಳಿ ಮಾಡುವ ಜಮೀನಿಗೆ. ಪಾರ್ಕು, ಶಾಲೆಯ ಮೈದಾನ, ಆಸ್ಪತ್ರೆಯ ಅಂಗಳ ಯಾರ ಕೈತೋಟವೂ ಅಲ್ಲ. ಇನ್ನು ಗ್ಲೈಫೋಸೇಟ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2015ರಲ್ಲಿ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಒಪ್ಪಿಲ್ಲ ಎಂಬುದೂ ನಿಜ. ಆದರೆ ನಮ್ಮ ಕೇಂದ್ರ ಕೃಷಿ ಸಚಿವಾಲಯವೇ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಕೀಟ ನಿಯಂತ್ರಣ ವೃತ್ತಿಯವರನ್ನು ಬಿಟ್ಟು ಬೇರೆ ಯಾರೂ ಇದನ್ನು ಬಳಸಬಾರದು ಎಂದಿತು. ಮೇಸ್ತ್ರಿ ಬಕೆಟ್ಟಿನಲ್ಲಿ ಕಲಸಿ ದಿನಗೂಲಿಯವನ ಬೆನ್ನಿಗೆ ಹೊರಿಸುವುದು ಆ ಎಚ್ಚರಿಕೆಗೆ ತೀರಾ ವಿರುದ್ಧವಾದ ನಡೆ.

ಆ ಕಾರ್ಮಿಕನ ಬಗ್ಗೆಯೂ ಹೇಳಬೇಕು. ರಕ್ಷಣಾ ಉಡುಪು, ಕೈಗವಸು, ಉಸಿರಾಟದ ಮಾಸ್ಕ್, ತರಬೇತಿ ಎಲ್ಲದಕ್ಕೂ 1971ರ ಅದೇ ನಿಯಮಗಳಲ್ಲಿ ಜಾಗವಿದೆ. ಪ್ರತಿ ಡಬ್ಬಿಯ ಮೇಲೂ ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆ ಹೇಳುವ ಬಣ್ಣದ ಗುರುತು ಇರುತ್ತದೆ. ಓದು ಬಾರದವರಿಗೂ ಅಪಾಯ ತಿಳಿಯಲಿ ಎಂದೇ ಮಾಡಿದ ವ್ಯವಸ್ಥೆ ಅದು. ಕಲಸಿದ ನೀರನ್ನಷ್ಟೇ ಕಾಣುವವನಿಗೆ ಆ ಗುರುತು ಕಾಣುವುದೇ ಇಲ್ಲ. ಖಾಲಿ ಡಬ್ಬಿಗಳ ಗತಿ ಇನ್ನೂ ಭಯ ಹುಟ್ಟಿಸುತ್ತದೆ. ಮತ್ತೆ ಬಳಕೆಯಾಗದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 44ನೇ ನಿಯಮ ಹೇಳುತ್ತದೆ. ನಾನು ಕಂಡಿರುವುದು ನಾಲೆಯಲ್ಲಿ ತೊಳೆದು, ಬಾಯಿ ಕತ್ತರಿಸಿ, ಬಚ್ಚಲಿಗೆ ನೀರಿನ ಮಗ್ಗಾಗಿ ಇಟ್ಟುಕೊಂಡ ಡಬ್ಬಿಗಳನ್ನು.

ಬೋರ್ಡಿನ ಮೇಲೆ ಔಷಧಿಯ ಹೆಸರೇ ಇರಬೇಕು ಎಂದು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ವಿಷ ತಾಗಿದವರನ್ನು ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರು ಮೊದಲು ಕೇಳುವುದು ಯಾವ ಔಷಧಿ ಎಂದು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಆದರೆ ಬೆವರು, ಜೊಲ್ಲು, ವಾಂತಿ ಕಾಣಿಸಿಕೊಳ್ಳುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಅದಕ್ಕೆ ಅಟ್ರೋಪಿನ್ ಇದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಆದರೆ ಪ್ರತಿವಿಷವೇ ಇಲ್ಲ, ಹೊಟ್ಟೆಗೆ ಹೋದರೆ ಶ್ವಾಸಕೋಶ, ಮೂತ್ರಪಿಂಡ ಕೆಡುತ್ತವೆ, ಪ್ರತಿ ಗಂಟೆಯೂ ಅಮೂಲ್ಯ. "ಹುಲ್ಲಿನ ಔಷಧಿ" ಎಂಬ ಉತ್ತರ ಹಿಡಿದುಕೊಂಡು ಯಾವ ವೈದ್ಯರು ಏನು ಮಾಡಲಾದೀತು?

ದಾಖಲೆಯ ಬೆಲೆ ನಮ್ಮ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲಿನ ಕೀಲು ಹಿಡಿದು ಜನ ನಡೆಯಲಾರದೆ ಹೋದಾಗ, ಮೊದಮೊದಲು ಅನುಮಾನ ಹೋದದ್ದು ಕೀಟನಾಶಕ ಬಿದ್ದ ಗದ್ದೆಯ ಏಡಿಗಳ ಮೇಲೆ. ಅದು ವಂಶವಾಹಿಯಿಂದ ಬರುವ ಮೂಳೆಯ ಕಾಯಿಲೆ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದದ್ದು ಆಮೇಲೆ. ಎಲ್ಲಿ, ಯಾವಾಗ, ಏನನ್ನು ಎಷ್ಟು ಹೊಡೆದರು ಎಂಬ ಪುಸ್ತಕ ಇದ್ದರೆ ಔಷಧಿಯದೇ ತಪ್ಪಾಗಿದ್ದಾಗ ಅದು ಸಿಕ್ಕಿಬೀಳುತ್ತದೆ, ತಪ್ಪಿಲ್ಲದಿದ್ದಾಗ ಜನರ ಭಯವೂ ಬೇಗ ಕಳೆಯುತ್ತದೆ. ಘಟ್ಟದ ಕೆಳಗೆ ಕೊಕ್ಕಡ, ಪಟ್ರಮೆ ಸುತ್ತಲಿನ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದರಿಂದ ಆ ಊರುಗಳು ಅನುಭವಿಸಿದ್ದು, ಇಂದಿಗೂ ಅನುಭವಿಸುತ್ತಿರುವುದು ತಮಗೆ ತಿಳಿದೇ ಇದೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಡುವ ಹೊತ್ತಿಗೆ ಅಲ್ಲಿ ಒಂದು ತಲೆಮಾರು ಬೆಳೆದಾಗಿತ್ತು.

ನಾನು ಔಷಧಿಯೇ ಬೇಡ ಎನ್ನುವವಳಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಮಂಗ ಸತ್ತ ಜಾಗದ ಸುತ್ತ ರೋಗ ಹರಡುವ ಉಣುಗು ಸಾಯಲೆಂದು ಮೆಲಾಥಿಯಾನ್ ಪುಡಿ ಉದುರಿಸಬೇಕಾಗುತ್ತದೆ, ಉದುರಿಸಲಿ. ಡೆಂಗಿ ಕಾಲದಲ್ಲಿ ಫಾಗಿಂಗ್ ಬೇಕಾದರೆ ಅದೂ ಆಗಲಿ. ಜೀವ ಉಳಿಸುವ ಕೆಲಸ ಅದು. ತುರ್ತಿದ್ದರೆ 24 ಗಂಟೆ ಕಾಯಬೇಕಿಲ್ಲ, ಬರುವ ಮುನ್ನ ಮೈಕಿನಲ್ಲಿ ಹೇಳಿ, ಹೋಗುವಾಗ ಬೋರ್ಡು ನೆಟ್ಟರೆ ಸಾಕು. ಆದರೆ ಪಾರ್ಕು ಅಚ್ಚುಕಟ್ಟಾಗಿ ಕಾಣಲೆಂದು ಹೊಡೆಯುವ ಕಳೆನಾಶಕಕ್ಕೆ ಅಂಥ ಯಾವ ಅವಸರವೂ ಇಲ್ಲ. ಅಲ್ಲಿ ವೀಡ್ ಕಟರ್ ಇದೆ, ಕತ್ತಿಯಿದೆ, ಕೈಯಿಂದ ಕೀಳುವವರಿಗೆ ಕೂಲಿ ಕೊಡಬಹುದು. ಮಕ್ಕಳ ಜೋಕಾಲಿ, ಜಾರುಬಂಡೆ ಇರುವ ಕಡೆ, ಅಂಗನವಾಡಿಯ ಅಂಗಳದಲ್ಲಿ ಕಳೆನಾಶಕವನ್ನು ಪೂರ್ತಿ ನಿಲ್ಲಿಸಿ ಎಂದೇ ನಾನು ಕೇಳುತ್ತೇನೆ. ಮಳೆಯ ಜಿಲ್ಲೆ ನಮ್ಮದು. ಬೆಳಗ್ಗೆ ಹೊಡೆದದ್ದು ಸಂಜೆಯ ಮಳೆಗೆ ಚರಂಡಿ ಹಿಡಿದು ತುಂಗೆಗೆ ಇಳಿಯುತ್ತದೆ. ಅದೇ ಹೊಳೆಯ ನೀರನ್ನು ನಾವು ಕುಡಿಯುತ್ತೇವೆ.

ಬೇರೆ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ಕೆನಡಾದ ಹಡ್ಸನ್ ಎಂಬ ಪುಟ್ಟ ಪಟ್ಟಣ ಅಂದಕ್ಕಾಗಿ ಹುಲ್ಲುಹಾಸಿಗೆ ಕೀಟನಾಶಕ ಹೊಡೆಯುವುದನ್ನು 1991ರಲ್ಲೇ ನಿರ್ಬಂಧಿಸಿತು. ಹುಲ್ಲುಹಾಸಿನ ಕಂಪನಿಗಳು ಕೋರ್ಟಿಗೆ ಹೋದಾಗ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪಟ್ಟಣದ ಪರವಾಗಿಯೇ ನಿಂತಿತು. ಫ್ರಾನ್ಸ್‌ನಲ್ಲಿ ಸರ್ಕಾರಿ ಸಂಸ್ಥೆಗಳು ಪಾರ್ಕುಗಳಲ್ಲಿ ರಾಸಾಯನಿಕ ಕೀಟನಾಶಕ ಬಳಸುವುದು 2017ರಿಂದ ನಿಂತಿದೆ. ನಾನು ಕೇಳುತ್ತಿರುವುದು ಅದಕ್ಕಿಂತ ಎಷ್ಟೋ ಕಡಿಮೆ.

ಇದಕ್ಕೆ ಹೊಸ ಖರ್ಚೇನೂ ಬೇಕಿಲ್ಲ. ನಗರದಲ್ಲಿ ಬೆಳಗ್ಗೆ ಮನೆಮನೆಗೆ ಬರುವ ಕಸದ ಗಾಡಿಯ ಮೈಕಿನಲ್ಲಿ, ಹಳ್ಳಿಯಲ್ಲಿ ಪಂಚಾಯಿತಿಯ ಸ್ವಚ್ಛ ವಾಹಿನಿಯಲ್ಲಿ ಹಿಂದಿನ ದಿನ ಎರಡು ಮಾತು ಹೇಳಿಸಿದರೆ ಊರಿಗೆಲ್ಲ ತಿಳಿಯುತ್ತದೆ. ಪಾರ್ಕು ನಿರ್ವಹಣೆಯ ಟೆಂಡರಿನಲ್ಲೇ ಷರತ್ತು ಸೇರಿಸಿ: ಪರವಾನಗಿ ಇದ್ದವರಷ್ಟೇ ಹೊಡೆಯಬೇಕು, ಕಾರ್ಮಿಕನಿಗೆ ಕೈಗವಸು, ಬೂಟು, ಮಾಸ್ಕ್ ಕೊಡಬೇಕು, ಮೂಲ ಡಬ್ಬಿ ಸ್ಥಳದಲ್ಲೇ ಇರಬೇಕು, ಬೋರ್ಡು ಹಾಕಿದ ಫೋಟೊ ಇಲ್ಲದೆ ಬಿಲ್ಲು ಪಾಸಾಗಬಾರದು. ಶಾಲೆಗಳಲ್ಲಿ ರಜೆಯ ದಿನ ಬಿಟ್ಟು ಬೇರೆ ದಿನ ಬೇಡ. ಪ್ರತಿ ಸಿಂಪಡಣೆಯನ್ನೂ ಒಂದು ವಹಿಯಲ್ಲಿ ಬರೆದಿಟ್ಟು, ಕೇಳಿದವರಿಗೆ ತೋರಿಸಬೇಕು. ಬೋರ್ಡಿನ ನಮೂನೆ, ಯಾವ ಔಷಧಿಗೆ ಎಷ್ಟು ಹೊತ್ತು ದೂರವಿರಬೇಕು ಎಂಬ ಪಟ್ಟಿ ಸಿದ್ಧಪಡಿಸಲು ಇರುವಕ್ಕಿಯಲ್ಲಿ ನಮ್ಮದೇ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ಅಲ್ಲಿನ ತಜ್ಞರನ್ನು ಕೇಳಬಹುದು.

ನಗರ ಸ್ಥಳೀಯ ಸಂಸ್ಥೆಗಳು, ಪಂಚಾಯಿತಿ, ಶಾಲೆ, ಆಸ್ಪತ್ರೆ, ರಸ್ತೆ ಎಂದು ಬೇರೆ ಬೇರೆ ಇಲಾಖೆಗಳ ನಡುವೆ ಈ ಜಾಗಗಳು ಹಂಚಿಹೋಗಿವೆ. ಅವರೆಲ್ಲರನ್ನೂ ಒಂದೇ ಸಭೆಗೆ ಕರೆದು ಕೂರಿಸಬಲ್ಲವರು ಜಿಲ್ಲೆಯಲ್ಲಿ ತಾವು ಮಾತ್ರ. ಜೂನ್‌ನಲ್ಲಿ ಮಳೆ ಬಿದ್ದು ಹುಲ್ಲು ಏಳುತ್ತಿದ್ದಂತೆ ಪಂಪುಗಳು ಹೊರಬರುತ್ತವೆ. ಅದಕ್ಕೆ ಮುಂಚೆ ಆ ಸಭೆ ಕರೆದು ಆದೇಶ ಹೊರಡಿಸಿ, ಅದರ ಪ್ರತಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಶಿವಮೊಗ್ಗ ನಗರದ ಒಬ್ಬ ನಿವಾಸಿ