ನಂಬಿ ಹೇಳಿದ ಮಾತು ಕಥೆಯ ಸರಕಲ್ಲ

ಮಾನ್ಯ ಸಂಪಾದಕರೇ,

ನಾನು ಜಯನಗರದಲ್ಲಿ 12 ವರ್ಷದಿಂದ ಆಪ್ತಸಮಾಲೋಚಕಿ. ಬೆಳಗ್ಗೆ 5ಕ್ಕೆ ಎದ್ದು ಕಥೆ ಬರೆಯುತ್ತೇನೆ. ‘ನಿಮಗೇನು ಬಿಡಿ, ಕಥೆಗಳೇ ಬಾಗಿಲಿಗೆ ಬರುತ್ತವೆ’ ಎನ್ನುವವರೇ ಜಾಸ್ತಿ. ಕೇಳಿದಾಗಲೆಲ್ಲ ನೋವಾಗುತ್ತದೆ. ನನ್ನ ಬಳಿ ಬಂದವರು ನಂಬಿ ಹೇಳಿಕೊಂಡದ್ದು ಅವರದ್ದು, ಅಲ್ವಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಈ ಗೋಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ.

ಹೋದ ತಿಂಗಳು ಕಥೆಯಲ್ಲಿ ಒಂದು ಸಾಲು ತಾನಾಗೇ ಬಂತು. ಮತ್ತೆ ಓದಿದಾಗ, ಎದುರು ಕೂತವರೊಬ್ಬರ ಮಾತೆಂದು ಹೊಳೆಯಿತು. ಇಡೀ ಪುಟ ಹರಿದೆ. ಆ ಜಾಗಕ್ಕೆ ನಮ್ಮಜ್ಜಿ ಬಂದಳು. ಸೆರಗಿನ ತುದಿಗೆ ಗಂಟು ಹಾಕುತ್ತಾ, ಬಿಚ್ಚುತ್ತಾ, ಸುಮ್ನೆ ಕೂರುತ್ತಿದ್ದವಳು.

ನಮ್ಮಂಥವರ ಕಥೆಗೆ ದಯವಿಟ್ಟು ‘ನಿಜ ಘಟನೆ’ ಎಂಬ ಪಟ್ಟಿ ಹಚ್ಚಬೇಡಿ. ಸಹಾಯ ಕೇಳಲು ಹೊರಟವರು ಅದನ್ನು ಓದಿ ಅರ್ಧ ದಾರಿಯಲ್ಲೇ ವಾಪಸ್ ಹೋದಾರು.

– ಕಥೆ ಬರೆಯುವ ಆಪ್ತಸಮಾಲೋಚಕಿ, ಜಯನಗರ, ಬೆಂಗಳೂರು